ಸೆರೆಸಿಕ್ಕ ಶತ್ರು: ಕಿತ್ತೂರು, ಹಲಗಲಿ, ನರಗುಂದದ ಕಾಳಗಗಳು

ಹುಬ್ಬಳ್ಳಿಯ ವೃತ್ತದಲ್ಲಿ ಕುದುರೆಯೇರಿ ಖಡ್ಗ ಹಿರಿದು ನಿಂತ ಕಿತ್ತೂರು ಚೆನ್ನಮ್ಮನನ್ನು ದಿನವೂ ನೋಡುವ ನಮ್ಮ ಮಕ್ಕಳು, ಬಸದಿಯ ಪಾಠಶಾಲೆಗೆ ಬಂದಾಗ ಅಹಿಂಸಾಣುವ್ರತದ ಪಾಠವನ್ನೂ ಕೇಳುತ್ತಾರೆ. ಇರುವೆಗೂ ನೋವಾಗದಂತೆ ನಡೆಯಬೇಕೆಂಬ ಮಾತೂ, ರಣರಂಗದಲ್ಲಿ ಆಂಗ್ಲರನ್ನು ಕೆಡವಿದ ರಾಣಿಯ ಮೇಲಿನ ಅಭಿಮಾನವೂ ಒಂದೇ ಮನಸ್ಸಿನಲ್ಲಿ ಹೇಗೆ ಕೂಡಿರಬಲ್ಲವು ಎಂದು ಅವರು ಕೇಳಿದರೆ ಹಿರಿಯರಾದ ನಾವು ಸುಮ್ಮನಿರಬಾರದು. ಈ ಸೀಮೆಯಲ್ಲಿ ಆಂಗ್ಲರ ವಿರುದ್ಧ ನಡೆದ ಕಾಳಗಗಳನ್ನು ಶೌರ್ಯದ ದೃಷ್ಟಿಯಿಂದ ಬರೆದವರು ಬಹಳ ಮಂದಿ ಇದ್ದಾರೆ. ನೀತಿಯ ದೃಷ್ಟಿಯಿಂದ ನೋಡುವವರಿಗೂ ಅಲ್ಲಿ ವಿಚಾರಕ್ಕೆ ಬಹಳಷ್ಟಿದೆ.

ನಮ್ಮ ಆಚಾರಶಾಸ್ತ್ರ ಗೃಹಸ್ಥನ ಬದುಕಿನ ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವುದು ವಾಚಕರಿಗೆ ತಿಳಿದೇ ಇದೆ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ. ಇವುಗಳಲ್ಲಿ ಸಂಕಲ್ಪೀ ಹಿಂಸೆ ಶ್ರಾವಕನಿಗೆ ಸಂಪೂರ್ಣ ತ್ಯಾಜ್ಯ. ತನ್ನನ್ನೂ ತನ್ನ ಆಶ್ರಿತರನ್ನೂ ತನ್ನ ನಾಡನ್ನೂ ಕಾಯುವಾಗ ತಪ್ಪಿಸಲಾಗದೆ ಒದಗುವ ವಿರೋಧೀ ಹಿಂಸೆಯನ್ನು ಗೃಹಸ್ಥನ ಮಟ್ಟಿಗೆ ಶಾಸ್ತ್ರ ಬೇರೆಯಾಗಿ ಎಣಿಸಿದೆ. ಗಂಗರ ದಂಡನಾಯಕನಾಗಿ ಅನೇಕ ಯುದ್ಧಗಳನ್ನು ಗೆದ್ದ ಚಾವುಂಡರಾಯನಿಗೆ ‘ಸಮರಪರಶುರಾಮ’ ಎಂಬ ಬಿರುದಿನ ಜೊತೆಗೇ ‘ಸತ್ಯಯುಧಿಷ್ಠಿರ’ ಎಂಬ ಬಿರುದೂ ಸಂದಿತ್ತು. ಆದರೆ ಈ ವಿಂಗಡಣೆಗೆ ಒಂದು ಗಡಿಯಿದೆ. ಎದುರಾಳಿಯ ಕೈಯಲ್ಲಿ ಆಯುಧವಿದ್ದು ಅವನು ಮೇಲೆ ಬೀಳುತ್ತಿರುವಷ್ಟು ಹೊತ್ತು ಮಾತ್ರ ಅವನು ವಿರೋಧಿ. ಆಯುಧ ಕಳೆದುಕೊಂಡು ಕೈಗೆ ಸಿಕ್ಕಮೇಲೆ, ಅಥವಾ ನಿದ್ರೆಯಲ್ಲಿದ್ದಾಗ, ಅವನನ್ನು ಕೊಂದರೆ ಆ ಕೊಲೆಯ ಹಿಂದೆ ಸಂಕಲ್ಪ ಬಂದು ನಿಲ್ಲುತ್ತದೆ. ಯಾವ ಪಕ್ಷದ ಕಾರಣ ನ್ಯಾಯವಾದದ್ದು ಎಂಬ ಪ್ರಶ್ನೆಯಷ್ಟೇ ಮುಖ್ಯವಾದದ್ದು, ಸೆರೆಸಿಕ್ಕವನನ್ನು ಯಾರು ಹೇಗೆ ನಡೆಸಿಕೊಂಡರು ಎಂಬ ಪ್ರಶ್ನೆ. ಕಿತ್ತೂರಿನ ಇತಿಹಾಸವನ್ನು ಈ ಕಡೆಯಿಂದ ಓದಿದವರು ಕಡಿಮೆ.

ಕಿತ್ತೂರು ಧಾರವಾಡದಿಂದ ಬೆಳಗಾವಿಯ ಹಾದಿಯಲ್ಲಿ ಸುಮಾರು 30 ಕಿಲೋಮೀಟರು ದೂರದಲ್ಲಿದೆ. ಪೇಶ್ವೆಯ ಆಳ್ವಿಕೆ ಮುರಿದುಬಿದ್ದ 1818ರಲ್ಲಿ ಅಲ್ಲಿನ ದೇಸಾಯಿ ಶಿವಲಿಂಗರುದ್ರಸರ್ಜನು ಆಂಗ್ಲ ಸೇನಾನಿ ಥಾಮಸ್ ಮನ್ರೋಗೆ ಬೆಳಗಾವಿ ಕೋಟೆಯ ಮುತ್ತಿಗೆಯಲ್ಲಿ ನೆರವಾದನು. ಕಾರ್ತವೀರ್ಯನ ಕಾಲದ ಕಮಲ ಬಸದಿ ನಿಂತಿರುವ ಕೋಟೆಯೇ ಅದು. ಆ ನೆರವಿಗೆ ಪ್ರತಿಯಾಗಿ ಕಿತ್ತೂರಿನ ಒಡೆತನ ದೇಸಾಯಿಯ ಮನೆತನದಲ್ಲೇ ಉಳಿಯಿತು. ಆರು ವರ್ಷಗಳು ಕಳೆದವು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ಕಾಲವಾದನು. ಸಾಯುವ ಮೊದಲು ಮಸ್ತಮರಡಿಯ ಗೌಡರ ಮನೆಯ ಹುಡುಗ ಶಿವಲಿಂಗಪ್ಪನನ್ನು ದತ್ತು ಪಡೆದುದಾಗಿ ಧಾರವಾಡಕ್ಕೆ ಪತ್ರ ಹೋಯಿತು.

ಧಾರವಾಡದಲ್ಲಿ ಆಗ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದವನು ಸೇಂಟ್ ಜಾನ್ ಥ್ಯಾಕರೆ. ಆಂಗ್ಲ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಗೆ ಇವನು ಚಿಕ್ಕಪ್ಪ. ಪತ್ರದಲ್ಲಿನ ಸಹಿಯನ್ನು ಅವನು ನಂಬಲಿಲ್ಲ. ದೇಸಾಯಿ ಸತ್ತ ಮೇಲೆ ಸುತ್ತಲಿನವರು ಸೃಷ್ಟಿಸಿದ ಪತ್ರವಿದು ಎಂಬುದು ಅವನ ಸಂಶಯ. ನ್ಯಾಯವಾಗಿ ಹೇಳುವುದಾದರೆ ಆ ಸಂಶಯಕ್ಕೆ ಆಧಾರವೇ ಇರಲಿಲ್ಲವೆನ್ನಲಾಗದು. ಮರಣಶಯ್ಯೆಯ ದತ್ತಕಗಳು ಎಲ್ಲ ಸಂಸ್ಥಾನಗಳಲ್ಲೂ ವ್ಯಾಜ್ಯಕ್ಕೆ ಕಾರಣವಾಗಿವೆ. ಆದರೆ ಸಂಶಯವಿದ್ದರೆ ವಿಚಾರಣೆ ಮಾಡಬೇಕು. ಥ್ಯಾಕರೆಯು ವಿಚಾರಣೆ ಮುಗಿಯುವ ಮೊದಲೇ ಕಿತ್ತೂರಿಗೆ ಹೋಗಿ ಬೊಕ್ಕಸಕ್ಕೆ ಮುದ್ರೆ ಹಾಕಿಸಿ ಕಾವಲು ನಿಲ್ಲಿಸಿದನು. ಸುಮಾರು 15 ಲಕ್ಷ ರೂಪಾಯಿ ಬೆಲೆಬಾಳುತ್ತಿದ್ದ ಆ ಬೊಕ್ಕಸದ ಮೇಲೆ ಕಂಪನಿಯ ಕಣ್ಣು ಬಿದ್ದಿತ್ತೆಂದು ಕಿತ್ತೂರಿನವರು ತಿಳಿದುದರಲ್ಲಿ ಆಶ್ಚರ್ಯವಿಲ್ಲ. ಮಲ್ಲಸರ್ಜ ದೇಸಾಯಿಯ ವಿಧವೆ, ಸತ್ತ ದೇಸಾಯಿಗೆ ತಾಯಿಯ ಸ್ಥಾನದಲ್ಲಿದ್ದ ಚೆನ್ನಮ್ಮ ರಾಣಿಯು ಪೂನಾದ ಕಮಿಷನರ್ ಚಾಪ್ಲಿನ್ ಮತ್ತು ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್ ಇವರ ವರೆಗೂ ಅಹವಾಲು ಮುಟ್ಟಿಸಲು ಯತ್ನಿಸಿದಳು. ಫಲ ದೊರೆಯಲಿಲ್ಲ.

1824ರ ಅಕ್ಟೋಬರ್ 23ರ ಮುಂಜಾನೆ ಕೋಟೆಯ ಬಾಗಿಲು ಮುಚ್ಚಿತ್ತು. ಥ್ಯಾಕರೆಯು ಅರ್ಧ ಗಂಟೆಗೂ ಕಡಿಮೆ ಗಡುವು ಕೊಟ್ಟು, ತೆರೆಯದಿದ್ದರೆ ಫಿರಂಗಿಯಿಂದ ಒಡೆಯುವುದಾಗಿ ಹೇಳಿಕಳಿಸಿದನು. ಗಡುವು ತೀರಿತು. ಫಿರಂಗಿಗಳನ್ನು ಬಾಗಿಲ ಮುಂದೆ ತರುತ್ತಿರುವಾಗ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಒಳಗಿದ್ದ ಕಿತ್ತೂರಿನ ಪಡೆ ಒಮ್ಮೆಲೇ ಹೊರಗೆ ನುಗ್ಗಿತು. ಆಂಗ್ಲರ ಕಡೆ ಇದ್ದದ್ದು ಮದ್ರಾಸಿನ ಕುದುರೆ ಫಿರಂಗಿದಳದ ಒಂದು ತುಕಡಿ ಹಾಗೂ ಕೆಲವು ಕಾವಲು ಸಿಪಾಯಿಗಳು. ಈ ತುಕಡಿಯನ್ನೇ 20,797 ಜನರ, 437 ಫಿರಂಗಿಗಳ ಸೈನ್ಯವೆಂದು ಬರೆಯುವ ರೂಢಿ ಎಲ್ಲಿಂದಲೋ ಬಂದುಬಿಟ್ಟಿದೆ. ಫಿರಂಗಿದಳದ ಒಂದು ತುಕಡಿಯಲ್ಲಿ ಇರುವವರು ನೂರರ ಲೆಕ್ಕದವರೇ ಹೊರತು ಸಾವಿರಗಳ ಲೆಕ್ಕದವರಲ್ಲ. ಉತ್ಪ್ರೇಕ್ಷೆಯ ಆಸರೆಯಿಲ್ಲದೆಯೂ ಆ ದಿನದ ಜಯ ಜಯವೇ. ಥ್ಯಾಕರೆ ಸತ್ತನು, ಅಮಟೂರು ಬಾಳಪ್ಪನ ಗುಂಡಿಗೆ ಬಿದ್ದನೆಂಬುದು ಜನರ ನೆನಪು. ಬ್ಲ್ಯಾಕ್, ಸ್ಯುಯೆಲ್, ಡೈಟನ್ ಎಂಬ ಮೂವರು ಸೇನಾಧಿಕಾರಿಗಳೂ ಅನೇಕ ಸಿಪಾಯಿಗಳೂ ಅಳಿದರು. ಫಿರಂಗಿಗಳು ಕಿತ್ತೂರಿನ ಪಾಲಾದವು.

ಥ್ಯಾಕರೆಯ ಇಬ್ಬರು ಸಹಾಯಕರು ಜೀವಸಹಿತ ಸೆರೆಸಿಕ್ಕರು. ಒಬ್ಬನ ಹೆಸರು ಸ್ಟೀವನ್‌ಸನ್. ಇನ್ನೊಬ್ಬ ವಾಲ್ಟರ್ ಎಲಿಯಟ್, ಇಪ್ಪತ್ತೊಂದು ವರ್ಷದ ತರುಣ.

ನಮ್ಮ ಲಾವಣಿಗಳೂ ನಾಟಕಗಳೂ ಥ್ಯಾಕರೆಯ ಪತನದಲ್ಲಿ ಜಯದ ಶಿಖರವನ್ನು ಕಂಡಿವೆ. ಅದು ಸಹಜ. ಆದರೆ ಕಿತ್ತೂರಿನ ನಿಜವಾದ ಪರೀಕ್ಷೆ ಅಕ್ಟೋಬರ್ 23ರ ಸಂಜೆಯಿಂದ ಡಿಸೆಂಬರ್ 2ರವರೆಗೆ ನಡೆದ ನಲವತ್ತು ದಿನಗಳ ಪರೀಕ್ಷೆ ಎಂದು ನನಗೆ ತೋರುತ್ತದೆ. ಕೋಟೆಯೊಳಗೆ ಸ್ವಜನರ ಶವಗಳನ್ನು ಕಂಡವರಿದ್ದರು. ಹೊರಗೆ ಸುತ್ತಲಿನ ದಂಡುಗಳಿಂದ ಕಂಪನಿಯ ಪಡೆಗಳು ಕೂಡಿಬರುತ್ತಿದ್ದವು. ಮದ್ರಾಸು ಮುಂಬಯಿ ಎರಡೂ ಕಡೆಯಿಂದ ಸೈನ್ಯ ಹೊರಟ ಸುದ್ದಿ ಒಳಗೆ ತಲುಪಿರದೆ ಇರಲಿಕ್ಕಿಲ್ಲ. ಇಂಥ ಹೊತ್ತಿನಲ್ಲಿ ಕೈಯಲ್ಲಿರುವ ಇಬ್ಬರು ಬಿಳಿಯರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಎಷ್ಟು ಸುಲಭವೋ, ಅವರ ಪ್ರಾಣವನ್ನು ಒಡ್ಡಿ ‘ಮುಂದೆ ಬಂದರೆ ಇವರ ತಲೆ ಉಳಿಯದು’ ಎಂದು ಹೆದರಿಸುವುದೂ ಅಷ್ಟೇ ಸುಲಭ. ಅವರು ಒತ್ತೆಯಾಳುಗಳಾಗಿದ್ದರೆಂಬುದು ನಿಜ. ಅವರನ್ನು ಇಟ್ಟುಕೊಂಡದ್ದು ಸಂಧಾನದ ಬಲಕ್ಕಾಗಿಯೇ. ಶತ್ರು ಫಿರಂಗಿಗಳೊಡನೆ ಕೋಟೆಯ ಎದುರು ಬಂದು ನಿಂತ ದಿನವೂ ಅವರ ಮೇಲೆ ಯಾರ ಕೈಯೂ ಏಳಲಿಲ್ಲ.

ಚಾಪ್ಲಿನ್ ಪೂನಾದಿಂದ ಬಂದನು. ಲೆಫ್ಟಿನೆಂಟ್ ಕರ್ನಲ್ ಡೀಕನ್ ಸೇನಾಧಿಪತಿ. ಬಂದಿಗಳನ್ನು ಬಿಡಬೇಕು, ಕೋಟೆಯನ್ನು ಒಪ್ಪಿಸಬೇಕು, ಒಪ್ಪಿದರೆ ಕ್ಷಮೆ ಎಂಬುದು ಕಂಪನಿಯ ಷರತ್ತು. ಡಿಸೆಂಬರ್ 2ರಂದು ಸ್ಟೀವನ್‌ಸನ್ ಮತ್ತು ಎಲಿಯಟ್ ಇಬ್ಬರೂ ಕ್ಷೇಮವಾಗಿ ಆಂಗ್ಲರ ಪಾಳೆಯ ಸೇರಿದರು. ಬಂದಿಗಳ ಬಿಡುಗಡೆಯೊಂದಿಗೆ ಯುದ್ಧ ನಿಲ್ಲುವುದೆಂದು ಕಿತ್ತೂರು ತಿಳಿದಿತ್ತು. ಷರತ್ತಿನ ಒಂದು ಭಾಗವಷ್ಟೇ ಪೂರೈಸಿದೆ, ಕೋಟೆಯಿನ್ನೂ ಶರಣಾಗಿಲ್ಲ ಎಂಬುದು ಕಂಪನಿಯ ವಾದ. ಮರುದಿನವೇ, ಡಿಸೆಂಬರ್ 3ರಂದು, ಫಿರಂಗಿಗಳು ಸಿಡಿದವು.

ಇಲ್ಲಿ ಎರಡು ಪಕ್ಷಗಳನ್ನೂ ತೂಗಿ ನೋಡಬೇಕು. ಕಾಗದದ ಅಕ್ಷರವನ್ನಷ್ಟೇ ಹಿಡಿದರೆ ಚಾಪ್ಲಿನ್ನನನ್ನು ಸುಳ್ಳುಗಾರನೆನ್ನಲು ವಕೀಲನೊಬ್ಬ ಹಿಂಜರಿದಾನು. ಆದರೆ ಮಾತಿಗೆ ಅಕ್ಷರದ ಜೊತೆಗೆ ಇನ್ನೊಂದು ಅಂಗವೂ ಇದೆ. ಕೇಳಿದವನು ಅದನ್ನು ಹೇಗೆ ತಿಳಿದನೆಂದು ಹೇಳಿದವನಿಗೆ ಗೊತ್ತಿರುವುದು. ಬಂದಿಗಳು ಕೈಬಿಟ್ಟರೆ ಕಿತ್ತೂರಿಗೆ ಬೇರೆ ಯಾವ ಆಧಾರವೂ ಉಳಿಯದೆಂದು ಚಾಪ್ಲಿನ್ ಬಲ್ಲವನಾಗಿದ್ದನು. ಅವರು ಕೈಗೆ ಬರುವವರೆಗೆ ಸಂಧಾನದ ಭಾಷೆ, ಬಂದ ಮರುದಿನ ಗುಂಡಿನ ಭಾಷೆ. ಅಂಗಡಿಯಲ್ಲಿ ಕುಳಿತು ವ್ಯವಹಾರ ಮಾಡುವ ನಮ್ಮ ಜನರಿಗೆ ಈ ಬಗೆಯ ಕರಾರು ಹೊಸದಲ್ಲ. ಬರೆದದ್ದರಲ್ಲಿ ತಪ್ಪು ಹುಡುಕಲಾಗದಂತೆ ಬರೆದು, ಎದುರಿನವನ ನಂಬಿಕೆಯನ್ನು ನಗದು ಮಾಡಿಕೊಳ್ಳುವ ವ್ಯಾಪಾರವನ್ನು ಸತ್ಯಾಣುವ್ರತಿ ಯಾವ ಹೆಸರಿನಿಂದ ಕರೆಯುತ್ತಾನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಕಾಳಗ ದೊಡ್ಡ ಸೈನ್ಯದ ಎದುರು ಚಿಕ್ಕ ಸಂಸ್ಥಾನದ ಕಾಳಗ. ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ, ಸರ್ ಥಾಮಸ್ ಮನ್ರೋನ ಬಂಧು, ಇದರಲ್ಲಿ ಮಡಿದನು. ಡಿಸೆಂಬರ್ 4ರ ಹೊತ್ತಿಗೆ ಗೋಡೆ ಬಿರುಕುಬಿಟ್ಟಿತು. 5ರಂದು ಕೋಟೆ ಶರಣಾಯಿತು. ಕೋಟೆಯ ಮದ್ದಿನಲ್ಲಿ ಸಗಣಿ ಬೆರೆಸಿ ಒಳಗಿನವರೇ ದ್ರೋಹ ಮಾಡಿದರೆಂಬ ಮಾತು ಈ ಭಾಗದ ಹಳ್ಳಿಗಳಲ್ಲಿ ಇಂದಿಗೂ ಇದೆ. ಚೆನ್ನಮ್ಮ ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ಅವಳು 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಕಿತ್ತೂರಿನ ಬಂದಿಗಳು ನಲವತ್ತು ದಿನಕ್ಕೆ ಮನೆಗೆ ಹೋದರು, ಕಂಪನಿಯ ಬಂದಿ ನಾಲ್ಕು ವರ್ಷ ಕಳೆದರೂ ಹೋಗಲಿಲ್ಲ.

ಅವಳು ತೀರಿಕೊಂಡ ವರ್ಷವೇ ಸಂಗೊಳ್ಳಿ ರಾಯಣ್ಣ ಆಯುಧ ಹಿಡಿದನು. ಕಿತ್ತೂರಿನ ಶೇತಸನದಿಯಾಗಿದ್ದ ಅವನ ಇನಾಮು ಭೂಮಿಯನ್ನು ಕಂಪನಿ ಕಿತ್ತುಕೊಂಡಿತ್ತು. ದತ್ತುಪುತ್ರ ಶಿವಲಿಂಗಪ್ಪನ ಹೆಸರಿನಲ್ಲಿ ಅವನು ನಡೆಸಿದ ಹೋರಾಟ ಕಾಡಿನಿಂದ ಹೊರಬಂದು ಹೊಡೆದು ಮತ್ತೆ ಕಾಡು ಸೇರುವ ಬಗೆಯದು. 1830ರ ಜನವರಿಯಲ್ಲಿ ಬೀಡಿಯ ಕಚೇರಿಯನ್ನು ಸುಟ್ಟನು. ರೈತನ ಭೂಮಿಯನ್ನು ಕಿತ್ತುಕೊಂಡದ್ದು ಕಚೇರಿಯ ಕಾಗದ. ಆದ್ದರಿಂದ ಅವನ ಕೋಪ ಮೊದಲು ಕಾಗದದ ಮೇಲೆ ಹೋಯಿತು. ಅದೇ ವರ್ಷದ ಏಪ್ರಿಲ್ಲಿನಲ್ಲಿ ಪರಿಚಿತರ ದ್ರೋಹದಿಂದ ಸಿಕ್ಕಿಬಿದ್ದನು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. 1824ರ ಸೋಲಿನ ನಂತರ ಸೆರೆಯಿಂದ ಬಿಡುಗಡೆಯಾಗಿದ್ದವರಲ್ಲಿ ರಾಯಣ್ಣನೂ ಒಬ್ಬನೆಂಬುದನ್ನು ಇಲ್ಲಿ ಹೇಳಬೇಕು. ಆ ಮಟ್ಟಿಗೆ ಕಂಪನಿಯ ಕ್ಷಮೆ ಕಾಗದದಲ್ಲೇ ಉಳಿದಿರಲಿಲ್ಲ.

ಮುಂದಿನ ಕಾಲು ಶತಮಾನದಲ್ಲಿ ಕಿತ್ತೂರಿನ ದತ್ತಕದ ಪ್ರಶ್ನೆ ಭಾರತದ ಪ್ರಶ್ನೆಯಾಯಿತು. 1848ರಲ್ಲಿ ಬಂದ ಡಾಲ್‌ಹೌಸಿ ಅದನ್ನು ಒಂದು ನೀತಿಯನ್ನಾಗಿಸಿ ಸಾತಾರಾ, ಝಾನ್ಸಿ, ನಾಗಪುರಗಳನ್ನು ನುಂಗಿದನು. 1857ರ ಬೆಂಕಿ ಹೊತ್ತಿದಾಗ ನಮ್ಮ ಸೀಮೆಯಲ್ಲಿ ಅದರ ಕಿಡಿ ಮೊದಲು ಬಿದ್ದದ್ದು ಮುಧೋಳ ಸಂಸ್ಥಾನದ ಹಲಗಲಿಯಲ್ಲಿ. ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂಬ ಕಾಯಿದೆಯನ್ನು ಅಲ್ಲಿನ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾದವರಿಗೆ ಆಯುಧವೆಂದರೆ ರೈತನಿಗೆ ಕೂರಿಗೆಯಿದ್ದಂತೆ. ಬೇಟೆಯನ್ನು ನಾವು ಒಪ್ಪುವವರಲ್ಲ; ಆದರೂ ಆ ಜನರ ಹೊಟ್ಟೆಯ ಮೇಲೆ ಬಿದ್ದ ಏಟು ಎಂಥದೆಂಬುದನ್ನು ತಿಳಿಯಲು ಅದು ಅಡ್ಡಿಯಾಗಬಾರದು. ನವೆಂಬರಿನ ಕೊನೆಯಲ್ಲಿ ಕಂಪನಿಯ ಕುದುರೆಪಡೆ ಊರನ್ನು ಮುತ್ತಿತು. ಬೇಡರು ಮನೆಗಳೊಳಗಿಂದ ಕಾದಿದರು. ಮನೆಗಳಿಗೆ ಬೆಂಕಿ ಬಿತ್ತು. ಸೆರೆಸಿಕ್ಕವರಲ್ಲಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಹದಿಮೂರು ಮಂದಿಯನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, ಆರು ಮಂದಿಯನ್ನು 14ರಂದು ಹಲಗಲಿಯಲ್ಲಿಯೇ. ಮುಧೋಳಕ್ಕೆ ಆರಿಸಿದ ದಿನ ಸಂತೆಯ ದಿನ. ಉಪ್ಪು ಮೆಣಸಿನಕಾಯಿ ಕೊಳ್ಳಲು ಬಂದ ಹಳ್ಳಿಗರು ಕಂಡು ಹೋಗಲೆಂದೇ ಅದನ್ನು ಆರಿಸಲಾಯಿತು. ಬಂದಿಯನ್ನು ಕೊಲ್ಲುವುದೇ ಒಂದು ಡಂಗುರವಾಯಿತು.

ಇದಾದ ಆರು ತಿಂಗಳಿಗೆ ನರಗುಂದ. ಅಲ್ಲಿಯ ಸಂಸ್ಥಾನಿಕ ಭಾಸ್ಕರರಾವ್ ಭಾವೆ, ಜನರು ಬಾಬಾಸಾಹೇಬನೆಂದು ಕರೆಯುತ್ತಿದ್ದವನು. ಅವನ ಗೋಳೂ ಕಿತ್ತೂರಿನದೇ: ಮಗನಿಲ್ಲ, ದತ್ತು ಕೇಳಿದರೆ ಅನುಮತಿಯಿಲ್ಲ. ಮುಂಡರಗಿಯ ಭೀಮರಾವ್ ಡಂಬಳದ ಖಜಾನೆಯನ್ನು ಹಿಡಿದು ಕೊಪ್ಪಳದ ಕೋಟೆಯನ್ನು ಸೇರಿದ್ದೂ ಇದೇ ಸಮಯದಲ್ಲಿ. ಅವನು 1858ರ ಜೂನ್ 1ರಂದು ಅಲ್ಲಿ ಹೋರಾಡುತ್ತಲೇ ಬಿದ್ದನು. ಅವನ ಮರಣ ರಣಮರಣ. ಅದರ ಬಗ್ಗೆ ಎರಡು ಮಾತಿಲ್ಲ. ಅವನ ಕಡೆಯವರಲ್ಲಿ ಸೆರೆಸಿಕ್ಕ ಅನೇಕರು ಬದುಕಿ ಉಳಿಯಲಿಲ್ಲ.

ನರಗುಂದದ ವಿಷಯದಲ್ಲಿ ಮಾತ್ರ ಲೇಖನಿ ತಡೆಯುತ್ತದೆ. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಚಿಕ್ಕ ಕಾವಲಿನೊಂದಿಗೆ ಬರುತ್ತ 1858ರ ಮೇ 29ರ ರಾತ್ರಿ ರಾಮದುರ್ಗದ ಬಳಿ ಸುರೇಬಾನದಲ್ಲಿ ತಂಗಿದ್ದನು. ಬಾಬಾಸಾಹೇಬನ ಜನ ಆ ರಾತ್ರಿ ಮೇಲೆ ಬಿದ್ದು ಅವನನ್ನು ಕೊಂದರು. ಕಡಿದ ತಲೆಯನ್ನು ನರಗುಂದಕ್ಕೆ ಒಯ್ದು ಊರ ಬಾಗಿಲಿಗೆ ತೂಗುಹಾಕಿದರು. ನಮ್ಮ ಕಡೆಯ ಅನೇಕ ಬರಹಗಳು ಇದನ್ನು ಪರಾಕ್ರಮವೆಂದೇ ಬಣ್ಣಿಸಿವೆ. ಮ್ಯಾನ್ಸನ್ ಸಂಸ್ಥಾನಿಕರನ್ನು ಹತ್ತಿಕ್ಕಲು ಹೊರಟವನು ನಿಜ, ಬಾಬಾಸಾಹೇಬನಿಗೆ ಆದ ಅನ್ಯಾಯವೂ ನಿಜ. ಆದರೆ ಮುಧೋಳದ ಸಂತೆಯಲ್ಲಿ ಹೆಣಗಳನ್ನು ತೋರಿಸಿದ್ದು ತಪ್ಪಾದರೆ, ನರಗುಂದದ ಬಾಗಿಲಲ್ಲಿ ತಲೆಯನ್ನು ತೋರಿಸಿದ್ದು ನಮ್ಮವರು ಮಾಡಿದರೆಂಬ ಕಾರಣಕ್ಕೆ ಸರಿಯಾಗುವುದಿಲ್ಲ. ಕಿತ್ತೂರು ಇದೇ ಸೀಮೆಯದು, ಇದೇ ಅನ್ಯಾಯಕ್ಕೆ ಗುರಿಯಾದದ್ದು; ಅದು ಬೇರೆ ರೀತಿಯಲ್ಲಿ ನಡೆದುಕೊಂಡ ಉದಾಹರಣೆ ಮೂವತ್ತನಾಲ್ಕು ವರ್ಷಗಳ ಹಿಂದೆಯೇ ಕಣ್ಣೆದುರಿಗಿತ್ತು. ಚೆನ್ನಮ್ಮನ ಪಕ್ಕದಲ್ಲಿ ನರಗುಂದದ ಆ ರಾತ್ರಿಯನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ಕಡಿಮೆಯಾಗುವುದು ಚೆನ್ನಮ್ಮನ ಗೌರವವೇ.

ಸೇಡು ತಡಮಾಡಲಿಲ್ಲ. ಕರ್ನಲ್ ಮಾಲ್ಕಮ್ ಜೂನ್ 1ರಂದು ನರಗುಂದವನ್ನು ಮುತ್ತಿದನು. ಮರುದಿನ ಗುಡ್ಡದ ಮೇಲಿನ ಕೋಟೆ ಅವನ ವಶವಾಯಿತು. ತೊರಗಲ್ಲಿನ ಕಾಡಿನಲ್ಲಿ ಯಾತ್ರಿಕರ ವೇಷದಲ್ಲಿ ಸಿಕ್ಕಿಬಿದ್ದ ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಯಲ್ಲಿ ಮುಳುಗಿ ಪ್ರಾಣಬಿಟ್ಟರು. ಯಾರ ಮೇಲೂ ಆಯುಧ ಎತ್ತದಿದ್ದ ಇಬ್ಬರು ಹೆಂಗಸರ ಆ ಸಾವನ್ನು ಯಾವ ಪಕ್ಷದ ಲೆಕ್ಕಕ್ಕೆ ಬರೆಯಬೇಕು?

ಕಿತ್ತೂರಿನ ಬಂದಿಯಾಗಿದ್ದ ತರುಣ ಎಲಿಯಟ್ಟನ ಕಥೆಯನ್ನು ನಾವು ಡಿಸೆಂಬರ್ 2ಕ್ಕೆ ಬಿಟ್ಟಿದ್ದೇವೆ. ಬಿಡುಗಡೆಯ ನಂತರ ಅವನು ಈ ಸೀಮೆಯನ್ನು ಬಿಟ್ಟು ಓಡಿಹೋಗಲಿಲ್ಲ. 1833ರವರೆಗೆ ಇಲ್ಲಿಯೇ ಕೆಲಸ ಮಾಡಿದನು. ಹಳಗನ್ನಡದ ಶಾಸನಗಳಲ್ಲಿ ಅವನಿಗೆ ಆಸಕ್ತಿ ಹುಟ್ಟಿತು. ಊರೂರಿನ ಗುಡಿ, ಬಸದಿ, ಕೆರೆಯ ಏರಿಗಳಲ್ಲಿ ನಿಂತಿದ್ದ ಕಲ್ಲುಗಳ ಬರಹವನ್ನು ಪಂಡಿತರ ನೆರವಿನಿಂದ ನಕಲು ಮಾಡಿಸಿದನು. ಅವನ ಸಂಗ್ರಹದಲ್ಲಿ ಕೂಡಿದ ಶಾಸನಗಳು 595. ಅವುಗಳ ಆಧಾರದಿಂದ ಚಾಲುಕ್ಯರೇ ಮೊದಲಾದ ರಾಜವಂಶಗಳ ಇತಿಹಾಸವನ್ನು ಜೋಡಿಸಿ 1837ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದನು. ಮುಂದೆ ಫ್ಲೀಟ್ ಮೊದಲಾದ ವಿದ್ವಾಂಸರು ಕನ್ನಡ ಶಾಸನಗಳಿಗೆ ಕೈಹಾಕಿದಾಗ ಅವರ ಮುಂದೆ ಈ ಸಂಗ್ರಹವಿತ್ತು. ಕಲ್ಲು ಒಡೆದು ಕಟ್ಟಡಕ್ಕೆ ಹೋದ ಮೇಲೂ ಬರಹ ಉಳಿಯುವುದು ಇಂಥ ನಕಲುಗಳಲ್ಲಿ ಎಂಬುದು ಬಸದಿಗಳ ಜೀರ್ಣೋದ್ಧಾರ ಮಾಡಿಸಿದ ಟ್ರಸ್ಟುಗಳಿಗೆ ಅನುಭವದಿಂದ ತಿಳಿದ ಮಾತು. ಅಮರಾವತಿಯ ಬೌದ್ಧ ಸ್ತೂಪದ ಶಿಲ್ಪಗಳನ್ನು ಅಗೆಸಿ ತೆಗೆದವನೂ ಇವನೇ. ಮುಪ್ಪಿನಲ್ಲಿ ದೃಷ್ಟಿ ಹೋದ ಮೇಲೂ ದಕ್ಷಿಣದ ನಾಣ್ಯಗಳ ಮೇಲೆ ಗ್ರಂಥ ಬರೆದು ಮುಗಿಸಿ 1887ರಲ್ಲಿ ತೀರಿಕೊಂಡನು.

1858ರಲ್ಲಿ, ನರಗುಂದ ಉರಿದ ವರ್ಷ, ಎಲಿಯಟ್ ಮದ್ರಾಸಿನ ಗವರ್ನರನ ಆಡಳಿತ ಮಂಡಲಿಯ ಹಿರಿಯ ಸದಸ್ಯನಾಗಿದ್ದನು. ಕಂಪನಿಯ ಆಳ್ವಿಕೆ ಮುಗಿದು ವಿಕ್ಟೋರಿಯಾ ರಾಣಿಯ ಘೋಷಣೆ ನವೆಂಬರ್ 1ರಂದು ಹೊರಟಿತು. ಗವರ್ನರ್ ಹ್ಯಾರಿಸ್ ಅಸ್ವಸ್ಥನಾಗಿದ್ದುದರಿಂದ ಮದ್ರಾಸಿನಲ್ಲಿ ಅದನ್ನು ಸಾರ್ವಜನಿಕವಾಗಿ ಸಾರುವ ಕೆಲಸ ಎಲಿಯಟ್ಟನ ಪಾಲಿಗೆ ಬಂತು. ದೇಶೀಯ ರಾಜರೊಡನೆ ಕಂಪನಿ ಮಾಡಿಕೊಂಡ ಕರಾರುಗಳನ್ನು ಚಾಚೂ ತಪ್ಪದೆ ಪಾಲಿಸಲಾಗುವುದೆಂಬ ವಚನ ಅದರಲ್ಲಿತ್ತು. 1862ರಲ್ಲಿ ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತು ಪಡೆಯುವ ಹಕ್ಕಿನ ಸನದುಗಳನ್ನು ಕೊಟ್ಟನು. ಕಿತ್ತೂರಿನ ಪತ್ರವನ್ನು ಥ್ಯಾಕರೆ ತಳ್ಳಿಹಾಕಿ ಆಗ ಮೂವತ್ತೆಂಟು ವರ್ಷಗಳಾಗಿದ್ದವು.